ಅಪ್ಪಿ ಪೋಯಿ

ಹುಟ್ಟಿದ ಮಗುವಿನ ಮೊದಲ ಕಕ್ಕ ಡಾಂಬರಿನಂತೆ ಕಪ್ಪಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎರ್ನಾಕುಲಂನ ಆಸ್ಪತ್ರೆಯಲ್ಲಿ ಮಗನ ಬಟ್ಟೆ ಬಿಚ್ಚಿ ನೋಡಿದವನೇ ಕಿರುಚಿದೆ. ಹೆತ್ತು ಸುಸ್ತಾಗಿ ಮಲಗಿದ್ದ ಹೆಂಡತಿ ಗಾಬರಿಯಿಂದ ಎದ್ದು ಕೂತಳು. ಓಡಿ ಬಂದ ನರ್ಸ್ ಮಗುವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ನನ್ನನ್ನೇ ಹೊರಗೆ ಕಳಿಸಿದರು. ಆಮೇಲೆ ಅದು ಹಸಿರಾಯಿತು, ಹಳದಿಯಾಯಿತು, ಒಡೆದ ಹಾಲಿನ ಹಾಗೆ ಕಾಳುಕಾಳಾಯಿತು. ಬಣ್ಣ ಬದಲಾದಾಗಲೆಲ್ಲ ನಾನು ಹೊಸದಾಗಿ ಹೌಹಾರಿದೆ.

ನಮ್ಮದು ಸಾಗರದ ಕಡೆ. ಅಲ್ಲಿ ಮುದ್ದಿನ ಮಗುವನ್ನು ಅಪ್ಪಿ ಎನ್ನುತ್ತೇವೆ. ನಾಮಕರಣದಲ್ಲಿ ಏನೇ ಹೆಸರಿಟ್ಟಿದ್ದರೂ ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನಲ್ಲಿ ಅವನು ಅಪ್ಪಿಯೇ. ಬಾಲ್ಕನಿಯಲ್ಲಿ ನಿಂತು 'ನಮ್ಮಪ್ಪಿ, ಚಿನ್ನದಪ್ಪಿ' ಎಂದು ಬಾಯಿಗೆ ಬಂದದ್ದನ್ನು ಹಾಡಿ ಮಲಗಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕ, ಅಲ್ಲಿಯ ಮಾತಿನಲ್ಲಿ ಚೇಚಿ, ತಮ್ಮ ಬಾಲ್ಕನಿಯಿಂದ ಕಣ್ಣರಳಿಸಿ ಕೇಳುತ್ತಿದ್ದರು. ನನ್ನ ಕಂಠ ಅವರಿಗೆ ಹಿಡಿಸಿದೆ ಎಂದು ನಾನು ಇನ್ನಷ್ಟು ರಾಗ ಎಳೆಯುತ್ತಿದ್ದೆ.

ಮಗನಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಬಣ್ಣದ ಚಿಂತೆಯೇ ಇಲ್ಲದಾಯಿತು, ಏಕೆಂದರೆ ಕಕ್ಕವೇ ನಿಂತುಹೋಯಿತು. ನಾಳೆ ಮಾಡಿಯಾನು, ನಾಳೆ ಮಾಡಿಯಾನು ಎನ್ನುತ್ತ ವಾರ ಹತ್ತಿರ ಬಂತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಎದೆಹಾಲು ಮಾತ್ರ ಕುಡಿಯುವ ಮಕ್ಕಳು ಈ ವಯಸ್ಸಿನಲ್ಲಿ ಕೆಲವು ದಿನ ಹೀಗೆ ಸುಮ್ಮನಿರುವುದುಂಟು, ಹಾಲು ಕುಡಿಯುತ್ತಿದ್ದಾನೆ, ಹೊಟ್ಟೆ ಮೆತ್ತಗಿದೆ, ಹೆದರಬೇಡಿ ಎಂದರು. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಹಸಿರು ವಾಂತಿಯಾದರೆ ತಡಮಾಡದೆ ಬನ್ನಿ ಎಂದೂ ಸೇರಿಸಿದರು. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ.

ಮರುದಿನದಿಂದ ಚೇಚಿ ಬಾಲ್ಕನಿಯಿಂದಲೇ "ಪೋಯೋ?" ಎಂದು ಕೇಳುತ್ತಿದ್ದರು. ಹೋಯಿತಾ ಎಂದು. ಹೆಂಡತಿ "ಇಲ್ಲ ಚೇಚಿ" ಎನ್ನುತ್ತಿದ್ದಳು. ಇಲ್ಲ ಎನ್ನಲು ಎರಡೂ ಭಾಷೆಗೆ ಒಂದೇ ಮಾತು ಸಾಕಾಗುತ್ತಿತ್ತು.

ಆ ದಿನ ಬ್ಯಾಂಕಿನ ಕೌಂಟರಿನಲ್ಲಿ ಯಾರೋ ಹಿರಿಯರ ಪಾಸ್‌ಬುಕ್ ಮುದ್ರಿಸುತ್ತಿದ್ದೆ. ಹೆಂಡತಿಯ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಚೇಚಿ.

"ಸಾರೇ, ಅಪ್ಪಿ ಪೋಯಿ! ಅಪ್ಪಿ ಪೋಯಿ!"

ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಹಿಂದೆ ಹೆಂಡತಿಯ ಕೂಗು, ಅಳುವೋ ನಗುವೋ ತಿಳಿಯಲಿಲ್ಲ. ನನ್ನದು ಕೌಂಟರಿನಲ್ಲಿ ಕಲಿತ ಮಲಯಾಳ. ಪೋಯಿ ಎಂದರೆ ಹೋದ. ಅಪ್ಪಿ ಹೋದ. ನಮ್ಮ ಕನ್ನಡದಲ್ಲಿ ಒಬ್ಬರು ಹೋದರು ಎಂದರೆ ಏನರ್ಥವೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಎದ್ದದ್ದು, ಆಟೊ ಹತ್ತಿದ್ದು ಯಾವುದೂ ನೆನಪಿಲ್ಲ. ಮೆಟ್ರೊ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಬೆಳಿಗ್ಗೆ ಹೊರಡುವಾಗ ಅವನನ್ನು ಎತ್ತಿಕೊಳ್ಳಲಿಲ್ಲ, ಶರ್ಟು ಮುದುಡುತ್ತದೆ ಎಂದು ಬಿಟ್ಟುಬಂದೆ. ಅದನ್ನೇ ಯೋಚಿಸುತ್ತಿದ್ದೆ.

ಮನೆಯ ಬಾಗಿಲು ತೆರೆದಿತ್ತು. ಅಪ್ಪಿ ಚಾಪೆಯ ಮೇಲೆ ಕಾಲು ಮೇಲೆತ್ತಿ ಮಲಗಿದ್ದ. ಬೆನ್ನು, ಕಂಕುಳು, ಕುತ್ತಿಗೆಯವರೆಗೂ ಹಳದಿ ಮೆತ್ತಿಕೊಂಡು ಕೇಕೆ ಹಾಕುತ್ತಿದ್ದ.

"ನೋಡ್ರೀ, ವಾರದ್ದೆಲ್ಲಾ ಒಟ್ಟಿಗೇ ಮಾಡಿದಾನೆ!" ಎಂದಳು ಹೆಂಡತಿ.

ನಾನು ಗೋಡೆಗೆ ಒರಗಿ ಕುಸಿದು ಗಟ್ಟಿಯಾಗಿ ಅತ್ತೆ. ಕೈಯಲ್ಲಿ ಆ ಹಿರಿಯರ ಪಾಸ್‌ಬುಕ್ ಹಾಗೇ ಇತ್ತು.

"ಎಂತ ಆಯ್ತು ನಿಮಗೆ?"

"ಅಪ್ಪಿ ಹೋದ ಅಂದ್ರಲ್ಲ ಮಾರಾಯ್ತಿ!"

ಚೇಚಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, ಹೊಲಸಾದ ಬಟ್ಟೆ ತೋರಿಸಿ, "ಸಾರೇ, ಇದಾಣ್ ಅಪ್ಪಿ!" ಎಂದರು. ಕೊಚ್ಚಿಯಲ್ಲಿ ಅಪ್ಪಿ ಎಂದರೆ ಮಕ್ಕಳ ಕಕ್ಕ. ಮಗುವಿಗೆ ದೃಷ್ಟಿಯಾಗದಿರಲಿ ಎಂದು ನಮ್ಮ ಕಡೆ ಹೀಗೆ ಕರೆಯುತ್ತಾರೇನೋ ಎಂದುಕೊಂಡು ಅವರು ಇಷ್ಟು ದಿನ ಸುಮ್ಮನಿದ್ದರಂತೆ. ಚಿನ್ನದಪ್ಪಿ ಎಂದು ರಾಗ ಎಳೆದದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಅಂದಿನಿಂದ ಅವನು ಪುಟ್ಟನಾದ.

ಪುಟ್ಟನಿಗೆ ಎರಡು ವರ್ಷವಾದಾಗ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಕಳಕ್ಕೂಟಂ ಬಳಿ ಮಹಡಿಯ ಮೇಲೆ ಮನೆ ಹಿಡಿದೆವು. ಮನೆಯೊಡೆಯರ ತಾಯಿ, ಎಲ್ಲರೂ ಅಮ್ಮೂಮ್ಮ ಎನ್ನುವ ಅಜ್ಜಿ, ಕೆಳಗಿನ ಜಗಲಿಯಲ್ಲಿ ಕೂತಿರುತ್ತಿದ್ದರು. ಪುಟ್ಟ ಅವರ ಕಾಲ ಬಳಿಯೇ ಆಡುತ್ತಿದ್ದ. ನಾವು ಹೋದ ವಾರದಲ್ಲೇ ಒಂದು ಬೆಳಿಗ್ಗೆ ಕೆಳಗಿನಿಂದ ಅವರ ಕೂಗು ಕೇಳಿತು.

"ಅಪ್ಪಿ ಪೋಯಿ! ಅಪ್ಪಿ ಪೋಯಿ!"

ಈ ಸಲ ನಾನು ಮೋಸಹೋಗುವವನಲ್ಲ. "ಬಂದೆ ಅಮ್ಮೂಮ್ಮಾ" ಎಂದು ನಗುತ್ತ ಬಕೆಟ್ಟಿಗೆ ನೀರು ಹಿಡಿದೆ, ಚೊಂಬು ಹುಡುಕಿದೆ, ಹಳೆಯ ಟವೆಲ್ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಇಳಿದೆ. ಅಮ್ಮೂಮ್ಮ ಕೈ ಚಾಚಿ ಗೇಟು ತೋರಿಸುತ್ತಿದ್ದರು. ಗೇಟು ತೆರೆದಿತ್ತು. ಜಗಲಿಯಲ್ಲಿ ಮಗುವಿರಲಿಲ್ಲ.

ತಿರುವನಂತಪುರದ ಹಳಬರ ಬಾಯಲ್ಲಿ ಅಪ್ಪಿ ಎಂದರೆ, ನಮ್ಮೂರಿನಂತೆಯೇ, ಮಗು. ಅದು ನನಗೆ ಗೊತ್ತಾದದ್ದು ಹಾಗೆ. ಗೇಟಿನಾಚೆ ರಸ್ತೆ, ರಸ್ತೆಯ ತುಂಬ ಐಟಿ ಪಾರ್ಕಿಗೆ ಹೊರಟವರ ಬೈಕು, ಕ್ಯಾಬು. ಬಕೆಟ್ ಹಿಡಿದೇ ಓಡಿದೆ.

"ಅಪ್ಪೀ!" ಎಂದು ಕೂಗಿದೆ. ಎರಡು ವರ್ಷ ಬಾಯಿಗೆ ಬಾರದ ಹೆಸರು ತಾನಾಗಿ ಬಂತು.

ರಸ್ತೆಯಂಚಿನಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಹಿಂದೆ ಅವನು ಚಡ್ಡಿ ಕಳಚಿ ಕುಕ್ಕರಗಾಲಿನಲ್ಲಿ ಕೂತಿದ್ದ. ಮುಖ ಕೆಂಪಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು, ಹಿಂದಕ್ಕೆ ಬೆರಳು ತೋರಿಸಿದ.

"ಅಪ್ಪಾ, ಅಪ್ಪಿ ಪೋಯಿ."

ಬಕೆಟ್ ಕೆಳಗಿಟ್ಟೆ. ತೊಳೆಯುವ ಮೊದಲೇ ಅಪ್ಪಿಕೊಂಡೆ.