ಏಳು ಫೋಟೋಗಳಲ್ಲಿದ್ದ ಹೆಂಗಸು

ನಾನು ಒಬ್ಬ ಹೆಂಗಸನ್ನು ಏಳು ಫೋಟೋಗಳಿಂದ ಅಳಿಸಿದ್ದೇನೆ. ಎಂಟನೆಯದರಲ್ಲಿ ಅಳಿಸಲು ಅವಳಿರಲಿಲ್ಲ. ಅವಳು ಎಲ್ಲಿ ಹೋದಳೆಂದು ಅವಳ ಅಕ್ಕ ಹದಿನಾಲ್ಕು ವರ್ಷ ಕೇಳುತ್ತ ತಿರುಗಿದಳು. ನನಗೆ ಮೂರನೆಯ ದಿನವೇ ಗೊತ್ತಿತ್ತು—ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಭಾವ ಶಂಕ್ರಪ್ಪನ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದು ಭಾವನ ಕೆಲಸ, ಕಂಪ್ಯೂಟರಿನಲ್ಲಿ ತಿದ್ದುವುದು ನನ್ನದು. ತಿದ್ದುವಾಗ ಪರದೆಯನ್ನು ಮೂರು ಬಗೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ‘ಬಿಫೋರ್’ ಒತ್ತಿದರೆ ಕ್ಯಾಮೆರಾ ಕಂಡದ್ದು ಮಾತ್ರ. ‘ಆಫ್ಟರ್’ ಒತ್ತಿದರೆ ನಾವು ತಿದ್ದಿದ್ದು ಮಾತ್ರ. ಮೂರನೆಯದು, ಎರಡನ್ನೂ ಅಕ್ಕಪಕ್ಕ ಇಡುವುದು. ನಾನು ಯಾವಾಗಲೂ ಅದರಲ್ಲೇ ಕೆಲಸ ಮಾಡುತ್ತಿದ್ದೆ. ಎಡಗಡೆ ಇದ್ದದ್ದು ಇದ್ದ ಹಾಗೇ ಕಾಣುತ್ತಿದ್ದರೆ ಬಲಗಡೆ ಕೈ ಹದ್ದು ಮೀರುವುದಿಲ್ಲ ಎಂಬ ನಂಬಿಕೆ ನನ್ನದು.

ಆ ಶನಿವಾರ ಬೆಳಿಗ್ಗೆ ಹತ್ತಿರದ ಸಗರ ಊರಿನಿಂದ ಮರೆಮ್ಮ ಎಂಬಾಕೆ ಬಂದಳು. ಕೈಯಲ್ಲಿ ತಂಗಿಯ ಸಣ್ಣ ಫೋಟೋ. ತಂಗಿಯ ಹೆಸರು ಹಣಮವ್ವ. ಗುರುವಾರ ಮಧ್ಯಾಹ್ನದಿಂದ ಮನೆಗೆ ಬಂದಿಲ್ಲ.

“ಹಸರ ಸೀರಿ, ಹಳದಿ ಅಂಚು. ಆಕಿ ಗಂಡ ಓಡಿ ಹೋಗ್ಯಾಳ ಅಂತಾನ್ರಿ. ಕಾಲುವಿ ಗೇಟ್ ಕೂಡ್ಸಾಕ ಬಂದಿದ್ದ ಕೂಲಿಯಾಂವನೂ ಅವತ್ತೇ ಊರು ಬಿಟ್ಟಾನಂತ. ಐದು ವರ್ಷದ ಮಗಳನ್ನ ಬಿಟ್ಟು ಹೋಗಾಕಿ ಅಲ್ರಿ ನನ್ನ ತಂಗಿ. ಎಲ್ಲೆರ ನೋಡೀರೇನ್ರಿ?”

ಇಲ್ಲ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಆಕೆ ಪಕ್ಕದ ಮನೆಯವರ ಫೋನ್ ನಂಬರನ್ನು ಚೀಟಿಯಲ್ಲಿ ಬರೆಸಿ ಕೊಟ್ಟು ಹೋದಳು.

ಊಟಕ್ಕೆ ಮುಂಚೆ ಒಂದು ಮದುವೆಯ ಫೋಟೋಗಳನ್ನು ತೆರೆದೆ. ಗುರುವಾರ ಮಧ್ಯಾಹ್ನ ಸಗರದ ಹತ್ತಿರದ ಕಾಲುವೆ ದಂಡೆಯ ಮೇಲೆ ಭಾವ ತೆಗೆದವು. ಆ ವಾರವಷ್ಟೇ ನೀರು ಬಿಟ್ಟಿದ್ದರು, ಕಾಲುವೆ ತುಂಬಿ ಹರಿಯುತ್ತಿತ್ತು. ಎದುರಿಗೆ ಮದುಮಕ್ಕಳು, ಹಿಂದೆ ನೀರು. ಹಿಂದೆ ಯಾರೂ ಕಾಣಬಾರದು, ಎಲ್ಲ ಸಾಫಾಗಿರಬೇಕು ಎಂದು ಹುಡುಗಿಯ ತಂದೆ ಹೇಳಿ ಕಳಿಸಿದ್ದರು.

ಒಂದನೆಯ ಫೋಟೋದಲ್ಲಿ ದೂರದ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಪಕ್ಕದ ನೀರಿನ ತುಣುಕನ್ನು ಎತ್ತಿ ಅವಳ ಮೇಲೆ ಎಳೆದೆ. ಬಲಗಡೆ ಅವಳು ಮಾಯವಾದಳು, ಎಡಗಡೆ ಒಗೆಯುತ್ತಲೇ ಇದ್ದಳು. ಎರಡು, ಮೂರು—ಅದೇ ಹೆಂಗಸು, ಅದೇ ಮೆಟ್ಟಿಲು; ಅಲ್ಲೂ ಅಳಿಸಿದೆ. ನಾಲ್ಕನೆಯದರಲ್ಲಿ ಎದ್ದು ನಿಂತಿದ್ದಳು. ನೀರಿನ ಮೇಲೆ ಒಂದು ಸಣ್ಣ ಕೆಂಪು ಬಟ್ಟೆ ತೇಲುತ್ತಿತ್ತು—ಮಗುವಿನ ಲಂಗ. ಐದನೆಯದರಲ್ಲಿ ಅದರ ಹಿಂದೆ ಕೆಳಗಿಳಿದಿದ್ದಳು. ಆರನೆಯದರಲ್ಲಿ ನೀರು ಸೊಂಟದವರೆಗೆ. ಏಳನೆಯದರಲ್ಲಿ ಕುತ್ತಿಗೆಯವರೆಗೆ, ಒಂದು ಕೈ ಮೇಲೆ.

ಎಂಟನೆಯದರಲ್ಲಿ ಮೆಟ್ಟಿಲ ಮೇಲೆ ಬಟ್ಟೆಯ ಗಂಟು ಇತ್ತು. ಅವಳಿರಲಿಲ್ಲ. ಮದುಮಕ್ಕಳು ಮಾತ್ರ ಎಂಟರಲ್ಲೂ ಒಂದೇ ನಗು ನಗುತ್ತಿದ್ದರು.

ಮತ್ತೆ ಒಂದಕ್ಕೆ ಹೋದೆ. ಎಡಗಡೆಯ ಚಿತ್ರವನ್ನು ಹಿಗ್ಗಿಸಿದೆ. ಹಸಿರು ಸೀರೆ. ಹಳದಿ ಅಂಚು.

ಭಾವನನ್ನು ಕರೆದು ತೋರಿಸಿದೆ. ಅವನು ಎಂಟನ್ನೂ ನಿಂತೇ ನೋಡಿದ.

“ನಾ ಹುಡುಗಿ ಮುಖಾ ನೋಡಾಕತ್ತಿದ್ದೆ. ಗೇಟಿನ ನೀರಿನ ಸಪ್ಪಳದಾಗ ಏನೂ ಕೇಳ್ಸಿಲ್ಲ,” ಎಂದ. ಆಮೇಲೆ ದನಿ ತಗ್ಗಿಸಿದ. “ಪೊಲೀಸರು ಬಂದ್ರ ಕಣ್ಮುಂದ ಮುಳುಗಾಕತ್ತಿದ್ಳು, ನೀ ಫೋಟೋ ತಗೀತಿದ್ದಿ ಅಂತಾರ. ಆ ಮದುವಿ ಮಂದಿನೂ ನಮ್ಮನ್ನ ಬಿಡಂಗಿಲ್ಲ. ಅಳಿಸಿಬಿಡು.”

ಅವನು ಹೇಳಿದ, ನಿಜ. ಮೌಸ್ ಇದ್ದದ್ದು ನನ್ನ ಕೈಯಲ್ಲಿ.

ಉಳಿದ ನಾಲ್ಕನ್ನು ಅಕ್ಕಪಕ್ಕ ಇಟ್ಟುಕೊಂಡು ತಿದ್ದಲು ನನ್ನಿಂದ ಆಗಲಿಲ್ಲ. ಎಡಗಡೆ ಅವಳು ಇಳಿಯುತ್ತಿದ್ದಳು—ಬಲಗಡೆ ನಾನು ಅವಳ ಮೇಲೆ ನೀರು ಎಳೆಯುತ್ತಿದ್ದೆ—ಎರಡೂ ಒಂದೇ ಕೆಲಸ ಅನ್ನಿಸತೊಡಗಿತು. ‘ಆಫ್ಟರ್’ ಒತ್ತಿದೆ. ಎಡಗಡೆ ಹೋಯಿತು. ಪರದೆಯ ತುಂಬ ಮದುಮಕ್ಕಳು, ನೀರು. ಅದರಲ್ಲೇ ಮುಗಿಸಿದೆ, ಬಟ್ಟೆಯ ಗಂಟನ್ನೂ ಬಿಡದೆ. ಮೂಲದ ಮೇಲೆಯೇ ಸೇವ್ ಮಾಡಿದೆ. ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದೆ. ಎಲ್ಲಕ್ಕೂ ಒಂದು ಗಂಟೆ ಸಹ ಹಿಡಿಯಲಿಲ್ಲ. ನಂಬರಿನ ಚೀಟಿ ಕೀಬೋರ್ಡಿನ ಪಕ್ಕದಲ್ಲೇ ಇತ್ತು.

ಮೆಟ್ಟಿಲ ಮೇಲಿನ ನಿಜವಾದ ಗಂಟು ಏನಾಯಿತೋ, ಯಾರು ಒಯ್ದರೋ—ಇಂದಿಗೂ ತಿಳಿಯದು. ಅದು ಸಿಕ್ಕಿದ್ದರೆ ಊರು ಬೇರೆ ಮಾತನಾಡುತ್ತಿತ್ತು. ಸಿಗಲಿಲ್ಲ. ಗಂಡನ ಮಾತೇ ಊರಿನ ಮಾತಾಯಿತು. ಅವಳನ್ನು ಸುರಪುರದ ಬಸ್ ನಿಲ್ದಾಣದಲ್ಲಿ ಹುಡುಕಿದರು, ಯಾದಗಿರಿಯ ರೈಲು ನಿಲ್ದಾಣದಲ್ಲಿ ಹುಡುಕಿದರು, ಹೈದರಾಬಾದಿಗೂ ಹೋಗಿ ಬಂದರು. ಕಾಲುವೆಯಲ್ಲಿ ಯಾರೂ ಹುಡುಕಲಿಲ್ಲ. ಆ ನೀರು ಕವಲೊಡೆದು, ಹೊಲಹೊಲಕ್ಕೆ ಹಂಚಿ ಹೋಗುವ ನೀರು. ಹೆಣ ಸಿಕ್ಕ ಸುದ್ದಿಯೂ ಎಲ್ಲಿಂದಲೂ ಬರಲಿಲ್ಲ.

ತಿಂಗಳ ನಂತರ ಆ ಮದುಮಗಳು ಆಲ್ಬಮ್ ಹಿಡಿದು ಬಂದಳು. ಏನೂ ತಕರಾರಿಲ್ಲ, ಸುಮ್ಮನೆ ಕೇಳಿದಳು. “ಅಕ್ಕಾರ, ಇಲ್ಲಿ ನೀರಾಗ ಯಾರದೋ ನೆಳ್ಳು ಐತಲ್ರಿ. ದಂಡ್ಯಾಗ ಯಾರೂ ಇಲ್ಲ.”

ನೋಡಿದೆ. ನಾಲ್ಕನೆಯ ಫೋಟೋ. ನಿಂತವಳನ್ನು ಅಳಿಸಿದ್ದೆ, ನೀರಿನಲ್ಲಿ ತಲೆಕೆಳಗಾಗಿ ನಿಂತವಳನ್ನು ಮರೆತಿದ್ದೆ. ಹಸಿರು, ತುಸು ಅಲುಗಿದ ಹಾಗೆ.

“ಗಿಡದ್ದಿರಬೇಕು,” ಎಂದೆ.

ಅವಳು ಮತ್ತೊಮ್ಮೆ ನೋಡಿದಳು. ಅಲ್ಲಿ ಗಿಡ ಇರಲಿಲ್ಲ. ಆಲ್ಬಮ್ ಮುಚ್ಚಿಕೊಂಡು ಹೋದಳು.

ಅಂದಿನಿಂದ ಯಾವ ಫೋಟೋ ತೆರೆದರೂ ನನ್ನ ಕಣ್ಣು ಮೊದಲು ಹಿಂದಕ್ಕೆ ಹೋಗುತ್ತದೆ. ಶಿರವಾಳದ ಗುಡಿಯ ಮುಂದೆ ನಿಂತ ಶಾಲೆಯ ಮಕ್ಕಳು, ತೊಟ್ಟಿಲಿನ ಕೂಸು, ನಿವೃತ್ತಿಯ ಹಾರ ಹಾಕಿಕೊಂಡ ಮಾಸ್ತರರು—ಅವರ ಹೆಗಲ ಹಿಂದೆ, ಚಿತ್ರದ ಅಂಚಿನಲ್ಲಿ, ಒಂದು ಹಸಿರು ಚೂರು ಇದ್ದೇ ಇರುತ್ತದೆ. ಹಿಗ್ಗಿಸಿದರೆ ಎಲೆ. ಕೆಲವು ಸಲ ಎಲೆಯಲ್ಲ. ಆಗ ಮುಂದೆ ಹಿಗ್ಗಿಸುವುದಿಲ್ಲ.

ಇಷ್ಟನ್ನೇ ಮಾಡಿದ್ದರೆ ಹೆದರಿಕೆಯಿಂದ ಮಾಡಿದೆ ಎನ್ನಬಹುದಿತ್ತೇನೋ. ಆದರೆ ನಾಲ್ಕು ತಿಂಗಳಾದ ಮೇಲೆ ಮರೆಮ್ಮ ಮತ್ತೆ ಬಂದಳು. ಅದೇ ಸಣ್ಣ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಬೇಕಿತ್ತು. ತೀರಿಹೋದವರ ಫೋಟೋಕ್ಕೆ ನಾವು ಕಂಪ್ಯೂಟರಿನಲ್ಲೇ ಹೂವಿನ ಹಾರ ಕೂಡಿಸಿ ಕೊಡುತ್ತಿದ್ದೆವು. ಗೋಡೆಯ ಮೇಲೆ ಅಂಥವು ಸಾಲಾಗಿ ತೂಗಿದ್ದವು. ಆಕೆ ಅವನ್ನು ನೋಡಿದಳು, ನನ್ನನ್ನು ನೋಡಿದಳು.

“ಹಾರ ಹಾಕೂದೋ ಬ್ಯಾಡೋ, ನನಗ ತಿಳಿವಲ್ದು. ನೀವೇ ಹೇಳ್ರಿ ಅಕ್ಕಾರ.”

ಈ ಜಗತ್ತಿನಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಇಬ್ಬರೇ. ಆಕೆ ಬಂದು ಕೇಳಿದ್ದು ನನ್ನನ್ನೇ.

“ಹಾರ ಬ್ಯಾಡ್ರಿ,” ಎಂದೆ. “ಬರ್ತಾರ.”

ಆಕೆಯ ಮುಖ ಅರಳಿತು. ಅದಕ್ಕಿಂತ ಕ್ರೂರವಾದುದನ್ನು ನಾನು ಬದುಕಿನಲ್ಲಿ—ಇಲ್ಲ, ಮಾಡಿಲ್ಲ. ಆ ಒಂದು ಮಾತಿನಿಂದ ಆಕೆ ಹದಿನಾಲ್ಕು ವರ್ಷ ಬಾಗಿಲು ನೋಡಿದಳು. ತಿಥಿಯಿಲ್ಲ, ಎಡೆಯಿಲ್ಲ, ಮನಸ್ಸು ಬಿಚ್ಚಿ ಅಳುವುದೂ ಇಲ್ಲ. ಹಣಮವ್ವನ ಗಂಡ ಮತ್ತೊಂದು ಮದುವೆಯಾದ. ಮಗಳು ಶರಣಮ್ಮನನ್ನು ಮರೆಮ್ಮನೇ ಸಾಕಿದಳು. ಓಡಿ ಹೋದವಳ ಮಗಳೆಂದು ಎರಡು ಸಂಬಂಧ ತಪ್ಪಿದ್ದು ನನ್ನ ಕಿವಿಗೂ ಬಿತ್ತು. ಕೇಳಿಸಿಕೊಂಡು ಸುಮ್ಮನಾದೆ.

ಭಾವ ತೀರಿ ಎರಡು ವರ್ಷವಾಯಿತು. ಸ್ಟುಡಿಯೋ ಈಗ ನನ್ನದೇ. ಹೋದ ತಿಂಗಳು ನರ್ಸಿಂಗ್ ಕೋರ್ಸಿನ ಅರ್ಜಿಗೆ ಫೋಟೋ ಬೇಕೆಂದು ಸಗರದಿಂದ ಒಬ್ಬ ಹುಡುಗಿ ಬಂದಳು. ಕೂರಿಸಿ ತೆಗೆದೆ, ಪರದೆಯ ಮೇಲೆ ತೆರೆದೆ. ತಾಯಿಯ ಮುಖ—ಹಣೆ, ಗದ್ದ, ತುಸು ಅಗಲವಾದ ಕಣ್ಣು—ಯಾವ ತಿದ್ದುವಿಕೆಯೂ ಇಲ್ಲದೆ ನನ್ನನ್ನೇ ನೋಡುತ್ತಿತ್ತು. ಹೆಸರು ಕೇಳಬೇಕಾಗಲಿಲ್ಲ.

ಮರುದಿನ ಸಗರಕ್ಕೆ ಹೋದೆ.

ಮರೆಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಬರ್ರಿ, ಕುಂದರ್ರಿ ಅಂದಳು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ—ಮೆಟ್ಟಿಲು, ಕೆಂಪು ಲಂಗ, ‘ಆಫ್ಟರ್’ ಒತ್ತಿ ಅವಳನ್ನು ಅಳಿಸಿದ್ದು, ಹಾರ ಬೇಡವೆಂದದ್ದು. ಭಾವನ ಹೆಸರನ್ನು ಹಿಡಿದು ನಾನು ಜಾರಿಕೊಳ್ಳಲಿಲ್ಲ. ಪೊಲೀಸರ ಮುಂದೆ ಬೇಕಾದರೆ ಅಲ್ಲಿಯೂ ಹೇಳುತ್ತೇನೆಂದೆ. ಆಕೆ ಮೊರವನ್ನು ಕೆಳಗಿಟ್ಟಳು. ನನ್ನನ್ನು ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು.

“ಆಕಿ ನಿಮ್ಮ ಕ್ಯಾಮೆರಾ ಕಡಿ ನೋಡಿದ್ಳೇನ್ರಿ?”

ಇದನ್ನು ಭಾವನಿಗೂ ತೋರಿಸಿರಲಿಲ್ಲ. ಏಳನೆಯ ಫೋಟೋವನ್ನು ಅಳಿಸುವ ಮುಂಚೆ ಒಂದೇ ಒಂದು ಸಲ ‘ಬಿಫೋರ್’ ಒತ್ತಿ, ಹಿಗ್ಗಿಸಿ, ಅವಳ ಮುಖ ನೋಡಿದ್ದೆ. ಇಲ್ಲ ಎಂದಿದ್ದರೆ ಆಕೆ ನಂಬುತ್ತಿದ್ದಳು. ಹಿಂದೊಮ್ಮೆಯೂ ನಂಬಿದ್ದಳು.

“ನೋಡಿದ್ರು,” ಎಂದೆ. “ಬಾಯಿ ತೆರದಿತ್ತು. ಕರೀತಿದ್ರು.”

ಮರೆಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಮೆಲ್ಲಗೆ, ಒಂದೊಂದೇ ಬೆರಳು.

“ಶರಣಿ ಬರೂ ಹೊತ್ತಾತು,” ಎಂದಳು. “ಕುಂದರ್ರಿ. ಆಕಿ ಮುಂದ ಮತ್ತೊಮ್ಮಿ ಹೇಳ್ರಿ. ಈಗ ಕಡೀಕ ಹೇಳಿದ್ದನ್ನೂ ಬಿಡಬ್ಯಾಡ್ರಿ.”

ನಾನು ಕುಳಿತೆ.