ಮಾಸಿಯ ಜೇಡ್ ಜೀರುಂಡೆ

ನಮ್ಮ ಯಜಮಾನರು ವಿಮಾ ಕಂಪನಿಯಲ್ಲಿದ್ದರು. ತೊಂಬತ್ತಮೂರರಲ್ಲಿ ಧಾರವಾಡದಿಂದ ಸೂರತ್‌ಗೆ ವರ್ಗವಾದಾಗ ನಮಗೆ ಅಡಾಜಣ್‌ನಲ್ಲಿ ಮನೆ ಸಿಕ್ಕಿತು. ನಾಲ್ಕು ಅಂತಸ್ತಿನ ಕಟ್ಟಡ, ಎರಡನೆಯ ಮಹಡಿ. ಮಗಳಿಗೆ ಆಗ ಆರು ವರ್ಷ. ಊರಿನ ಭಾಷೆ ಬರದೆ ನಾನು ತರಕಾರಿಯವನ ಎದುರಿಗೂ ಮೂಗಿಯಂತೆ ನಿಲ್ಲುತ್ತಿದ್ದ ದಿನಗಳವು.

ನೆಲ ಅಂತಸ್ತಿನಲ್ಲಿ ಒಬ್ಬ ಪಾರ್ಸಿ ಮುದುಕಿ ಒಬ್ಬರೇ ಇದ್ದರು. ಹಳೇ ಪೇಟೆಯ ದೊಡ್ಡ ಮನೆಯನ್ನು ಮಾರಿ, ಹೊಳೆ ದಾಟಿ ಈ ಎರಡು ಕೋಣೆಯ ಮನೆಗೆ ಬಂದವರು. ಮದುವೆಯಾಗಿರಲಿಲ್ಲ. ಉದ್ದನೆಯ ಹೂವಿನ ಗೌನು ತೊಟ್ಟು ಬೆಳಗ್ಗೆ ಬಾಗಿಲಲ್ಲಿ ನಿಂತು ಕಾಗೆಗಳನ್ನೂ ಸ್ಕೂಟರ್ ನಿಲ್ಲಿಸುವವರನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದರು. ಮೊದಲ ವಾರ ಅವರನ್ನು ಕಂಡರೆ ನನಗೆ ಹೆದರಿಕೆ. ಎರಡನೆಯ ವಾರ ಅವರೇ ಒಂದು ಬಟ್ಟಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಮೊಟ್ಟೆ ಹಾಕಿಲ್ಲ, ದೀಕ್ರಾ, ಹೆದರಬೇಡ," ಎಂದರು. ದೀಕ್ರಾ ಅಂದರೆ ಮಗು ಎಂದು. ಬಟ್ಟಲಿನಲ್ಲಿ ಅವರು 'ರವೋ' ಎನ್ನುವ ಸಿಹಿ ಇತ್ತು, ನಮ್ಮ ಶಿರಾದ ತೆಳ್ಳಗಿನ ತಂಗಿ. ಅಂದಿನಿಂದ ಅವರು ನಮಗೆ ಮಾಸಿ, ಅಂದರೆ ಚಿಕ್ಕಮ್ಮ. ಮಗಳಂತೂ ಶಾಲೆಯಿಂದ ಬಂದರೆ ಚೀಲ ಇಳಿಸುತ್ತಿದ್ದುದೇ ಅವರ ಮನೆಯಲ್ಲಿ. ಆರು ತಿಂಗಳಲ್ಲಿ ನನ್ನೊಡನೆ ಕನ್ನಡಕ್ಕಿಂತ ಗುಜರಾತಿಯಲ್ಲೇ ಹೆಚ್ಚು ಜಗಳವಾಡತೊಡಗಿದಳು.

ಮಾಸಿಯ ಕೊರಳಲ್ಲಿ ಕಪ್ಪು ರೇಷ್ಮೆ ದಾರದಲ್ಲಿ ಒಂದು ಕಲ್ಲಿನ ತಾಯಿತ ಇತ್ತು. ಹೆಬ್ಬೆರಳಿನಷ್ಟು ಉದ್ದ, ಎಳೆ ಸೌತೆಕಾಯಿಯ ತಿರುಳಿನ ಬಣ್ಣ, ಒಂದು ಅಂಚಿಗೆ ಮಾತ್ರ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಎರಡು ಉಬ್ಬಿದ ಕಣ್ಣು, ಬೆನ್ನ ಮೇಲೆ ಮಡಿಸಿದ ಎರಡು ರೆಕ್ಕೆ. ಅಷ್ಟನ್ನೂ ಹತ್ತು ಹನ್ನೆರಡು ಗೀರುಗಳಲ್ಲೇ ಮುಗಿಸಿದ್ದರು. ಮಾಸಿ ಅದನ್ನು 'ಮಾಖಿ' ಎನ್ನುತ್ತಿದ್ದರು, ನೊಣ. ಅವರ ಅಜ್ಜ ಹಡಗಿನಲ್ಲಿ ಚೀನಾಕ್ಕೆ ಹೋಗಿ ವ್ಯಾಪಾರ ಮಾಡುತ್ತಿದ್ದವರಂತೆ. ಬರುವಾಗ ಹೆಂಡತಿಗೆ ಕಸೂತಿಯ ರೇಷ್ಮೆ ಸೀರೆ ತಂದರು, ಜೊತೆಗೆ ಜೇಡ್ ಎಂಬ ಹಸಿರು ಕಲ್ಲಿನ ಈ ನೊಣ. ಸೀರೆ ಎಂದೋ ಹರಿದು ಹೋಯಿತು. ಮಾಸಿಗೆ ಮೂರು ವರ್ಷವಿದ್ದಾಗ ಟೈಫಾಯ್ಡ್ ಬಂದು ಕೈಬಿಟ್ಟು ಹೋಗುವ ಹಾಗಾದಾಗ ಅವರ ತಾಯಿ ತನ್ನ ಕೊರಳಿನಿಂದ ಬಿಚ್ಚಿ ಮಗಳಿಗೆ ಕಟ್ಟಿದರು. ಮತ್ತೆ ತೆಗೆದಿರಲಿಲ್ಲ.

"ಎಂಥಾ ಬೇಸಿಗೆಯಲ್ಲೂ ಇದು ತಣ್ಣಗಿರುತ್ತದೆ ನೋಡು," ಎಂದು ನನ್ನ ಮಗಳ ಕೆನ್ನೆಗೆ ಒತ್ತುತ್ತಿದ್ದರು. ಮಗಳು ಕಿಸಿಕಿಸಿ ನಗುತ್ತಿದ್ದಳು.

ಮರುವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಸೂರತ್‌ಗೆ ಪ್ಲೇಗ್ ಬಂತು. ಮೊದಲು ಪಿಸುಮಾತು, ಮರುದಿನ ಎಲ್ಲರ ಮೂಗಿಗೂ ಕರವಸ್ತ್ರ. ಔಷಧದ ಅಂಗಡಿಗಳಲ್ಲಿ ಮಾತ್ರೆ ಖಾಲಿ. ಊರಾಚೆಯ ಕೈಗಾರಿಕಾ ಪ್ರದೇಶ ಸಚಿನ್‌ನ ಕಾರ್ಖಾನೆಗಳಿಂದ ಕೂಲಿಯವರು ಗಂಟುಮೂಟೆ ಹೊತ್ತು ಸ್ಟೇಷನ್ನಿನ ಕಡೆ ನಡೆದರಂತೆ. ನಮ್ಮ ಕಟ್ಟಡದಲ್ಲೂ ಒಂದೊಂದೇ ಬಾಗಿಲಿಗೆ ಬೀಗ ಬಿತ್ತು.

"ನೀ ಮಗಳನ್ನ ಕರಕೊಂಡು ಬರೋಡಾಕ್ಕ ಅಕ್ಕನ ಮನಿಗೆ ಹೋಗಿಬಿಡು," ಎಂದರು ಯಜಮಾನರು. "ನಾ ಇಲ್ಲೇ ಇರ್ತೀನಿ. ಆಫೀಸ್ ಕೀಲಿ ನನ್ನ ಕಡೆ ಅದ."

"ನೀವು ಬರಲಿಲ್ಲಂದ್ರ ನಾನೂ ಹೋಗೂದಿಲ್ಲ."

"ಹುಚ್ಚಿ ಹಂಗ ಮಾಡಬ್ಯಾಡ. ಕೂಸಿನ ಮಾರಿ ನೋಡು."

ಕೂಸಿನ ಮಾರಿ ನೋಡಿದ ಮೇಲೆ ಎರಡು ಸೀರೆ, ನಾಲ್ಕು ಫ್ರಾಕು ಚೀಲಕ್ಕೆ ತುರುಕಿದೆ. ಕೆಳಗಿಳಿದು ಮಾಸಿಯನ್ನೂ ಕರೆದೆ. ಅವರು ಕೈ ಬೀಸಿ ನಕ್ಕರು. "ನನ್ನಂಥ ಮುದುಕಿಯನ್ನು ಯಾವ ರೋಗ ತಿನ್ನುತ್ತದೆ? ಹಲ್ಲು ಮುರಿದುಕೊಳ್ಳುತ್ತದೆ. ನಿನ್ನ ಗಂಡನಿಗೆ ಊಟ ಹಾಕಲು ಯಾರಾದರೂ ಬೇಡವೆ?" ಹಾಗೆಂದು ಕೊರಳಿಗೆ ಕೈ ಹಾಕಿ ದಾರ ಬಿಚ್ಚಿದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಗಳ ಕೊರಳಿಗೆ ಎರಡು ಗಂಟು ಹಾಕಿ ಆಗಿತ್ತು. ಎಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಬರಿದಾದ ಅವರ ಕೊರಳಲ್ಲಿ, ದಾರವಿದ್ದ ಜಾಗ ಬೆಳ್ಳಗೆ ಗೆರೆಯಾಗಿ ಕಾಣುತ್ತಿತ್ತು.

ಬರೋಡಾದ ಅಲ್ಕಾಪುರಿಯಲ್ಲಿ ನನ್ನ ಅಕ್ಕನ ಮನೆ. ಭಾವ ಬ್ಯಾಂಕಿನವರು. ಬಾಗಿಲು ತೆರೆದ ಅಕ್ಕ ನಮ್ಮನ್ನು ನೋಡಿ ಒಂದು ಗಳಿಗೆಯೂ ಹಿಂದೆ ಸರಿಯಲಿಲ್ಲ. "ಅಳಬ್ಯಾಡ. ಮೊದಲ ಇಬ್ಬರೂ ಮೈ ತೊಳಕೋರಿ, ಆಮ್ಯಾಲೆ ಊಟ," ಎಂದಳು. ಆದರೆ ಸೂರತ್‌ನಿಂದ ಬಂದವರೆಂದು ತಿಳಿದ ಮೇಲೆ ಅಕ್ಕಪಕ್ಕದವರು ಮೆಟ್ಟಿಲಲ್ಲಿ ನಮ್ಮನ್ನು ಕಂಡರೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಬಂದು ಮಾತಾಡಿಸಿದವರು ಒಬ್ಬರೇ, ಮೇಲಿನ ಮನೆಯ ಗುಜರಾತಿ ಮೇಷ್ಟ್ರು. ಶಿಲ್ಪಕಲೆಯ ಇತಿಹಾಸ ಕಲಿಸಿ ನಿವೃತ್ತರಾದವರು, ವಿಧುರರು, ಮಕ್ಕಳೆಂದರೆ ಪ್ರಾಣ.

ಮಗಳ ಕೊರಳಿನದನ್ನು ನೋಡಿದ್ದೇ ಅವರು ಕನ್ನಡಕ ಏರಿಸಿಕೊಂಡರು. ಮುಟ್ಟಲಿಲ್ಲ, ಬಗ್ಗಿ ನೋಡಿದರು ಅಷ್ಟೆ.

"ಇದು ಎಲ್ಲಿಂದ ಬಂತು, ಬೇನ್?" ಎಂದರು. ಬೇನ್ ಎಂದರೆ ಸೋದರಿ. "ಮಾಸಿಯ ಮಾಖಿ," ಎಂದಳು ಮಗಳು.

"ಇದು ನೊಣವಲ್ಲ. ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿವಿ ಕಿವುಡಾಗುವಂತೆ ಕೂಗುತ್ತದಲ್ಲ, ಆ ಹುಳು."

"ಜೀರುಂಡೆ," ಎಂದೆ ನಾನು ಕನ್ನಡದಲ್ಲೇ. ಪದ ಬಾಯಿಗೆ ಬಂದಾಗ ಖುಷಿಯಾಯಿತು.

ಅವರು ವಿವರಿಸತೊಡಗಿದರು. ಜೇಡ್ ಕಲ್ಲನ್ನು ಉಕ್ಕಿನ ಉಳಿ ಕೆತ್ತಲಾರದು. ಅದಕ್ಕಿಂತ ಗಟ್ಟಿಯಾದ ಮರಳಿನ ಪುಡಿಯನ್ನು ನೀರಿನಲ್ಲಿ ಕಲಸಿ, ತಿರುಗುವ ಚಕ್ರಕ್ಕೆ ಹಚ್ಚುತ್ತ, ಉಜ್ಜಿ ಉಜ್ಜಿಯೇ ರೂಪ ತೆಗೆಯಬೇಕು. ಒಂದು ಸಣ್ಣ ತುಂಡಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅದಕ್ಕೇ ಹಳೆಯ ಚೀನೀಯರು ಅದರಲ್ಲಿ ಸುಮ್ಮನೆ ಏನನ್ನೂ ಮಾಡುತ್ತಿರಲಿಲ್ಲ, ಪ್ರತಿ ರೂಪಕ್ಕೂ ಒಂದು ಅರ್ಥ. ಬಾವಲಿ ಎಂದರೆ ಭಾಗ್ಯ, ಪೀಚ್ ಹಣ್ಣು ಎಂದರೆ ದೀರ್ಘಾಯುಷ್ಯ. "ಇನ್ನು ಈ ಜೀರುಂಡೆ ವರ್ಷಗಟ್ಟಲೆ ಮಣ್ಣಿನೊಳಗೆ ಇರುತ್ತದೆ. ಒಂದು ದಿನ ಮೇಲೆ ಬಂದು, ಚಿಪ್ಪು ಬಿರಿದು, ಹೊಸ ರೆಕ್ಕೆಯೊಂದಿಗೆ ಹಾರುತ್ತದೆ. ಅದಕ್ಕೇ ಮರುಹುಟ್ಟಿನ ಗುರುತು." ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೇಷ್ಟ್ರಲ್ಲವೆ, ಮುಂದುವರಿಸಿದರು. "ಸತ್ತವರನ್ನು ಹೂಳುವಾಗ ಅವರ ನಾಲಿಗೆಯ ಮೇಲೆ ಇಂಥದ್ದೊಂದನ್ನು ಇಡುತ್ತಿದ್ದರು."

ಪ್ಲೇಗಿನ ಊರಿನಿಂದ ತಂದ ಕೂಸು, ಅದರ ಕೊರಳಲ್ಲಿ ಹೆಣದ ಬಾಯಿಂದ ತೆಗೆದದ್ದು! ಅವರು ಮೆಟ್ಟಿಲು ಹತ್ತಿ ಹೋದದ್ದೇ ತಡ, ದಾರ ಬಿಚ್ಚಿ, ಅಕ್ಕನ ಸ್ಟೀಲಿನ ಡಬ್ಬಿಯೊಂದರಲ್ಲಿ ಹಾಕಿ ಮುಚ್ಚಳ ಒತ್ತಿದೆ. ಮಗಳು ಅತ್ತಳು. ನಾನು ಕಾರಣ ಹೇಳಲಿಲ್ಲ.

ಎರಡು ವಾರ ಕಳೆದು ಊರು ತಣ್ಣಗಾದ ಮೇಲೆ ಸೂರತ್‌ಗೆ ಮರಳಿದೆವು. ಯಜಮಾನರು ಗುಂಡುಗುಂಡಾಗಿದ್ದರು. "ದಿನಾ ಮೂರು ಸಲ ಉಣಿಸ್ಯಾರ ಮಾಸಿ. ಒಲ್ಲೆ ಅಂದ್ರ ಕಾಗೀಗೆ ಬೈದಂಗ ಬೈತಾರ," ಎಂದರು. ಮಾಸಿ ಬಾಗಿಲಲ್ಲೇ ಮಗಳನ್ನು ತಬ್ಬಿಕೊಂಡರು. ತಬ್ಬಿದ ಕೈ ಕೊರಳು ಸವರಿತು.

"ಮಾಖಿ ಎಲ್ಲಿ?"

ಚೀಲದಲ್ಲಿದೆ, ದಾರ ಸಡಿಲವಾಗಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಹೇಳಿಬಿಟ್ಟೆ. ಡಬ್ಬಿ ತೆರೆದು ಕೈಗೆ ಕೊಟ್ಟೆ. ಅವರು ಬೈಯುತ್ತಾರೆ, ಇಲ್ಲವೇ ಗಹಗಹಿಸಿ ನಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅದನ್ನು ಅಂಗೈಯಲ್ಲಿ ಮಗುಚಿ ನೋಡಿದರು. "ಹಾಗಾದರೆ ನನ್ನ ಅಮ್ಮ ನಾನು ಸತ್ತೇ ಹೋದೆ ಅಂದುಕೊಂಡು ಇದನ್ನು ಕಟ್ಟಿದ್ದಳೆ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ನಾಲ್ಕು ದಿನ ಅವರ ಬೈಗುಳ ಕೇಳಿಸಲಿಲ್ಲ. ಕಾಗೆಗಳು ಕಿಟಕಿಯ ಮೇಲೆ ಆರಾಮಾಗಿ ಕೂತಿದ್ದವು. ಮಗಳು ಹೋದರೆ ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದರು, ಆದರೆ ಕೊರಳು ಬರಿದು. ಆ ಮಾತನ್ನು ಹೇಳಿ ನಾನೇ ಅವರ ತಾಯಿಯನ್ನು ಅವರಿಂದ ಕಿತ್ತುಕೊಂಡೆನಲ್ಲ ಎಂದು ನನಗೆ ಊಟ ಸೇರಲಿಲ್ಲ. ಐದನೆಯ ದಿನ ಟೆಲಿಫೋನ್ ಬೂತಿಗೆ ಹೋಗಿ ಅಕ್ಕನ ಮನೆಗೆ ಫೋನು ಮಾಡಿ, ಮೇಷ್ಟ್ರನ್ನು ಕರೆಸಿ ನಡೆದದ್ದೆಲ್ಲ ಹೇಳಿದೆ.

ಅವರು, "ದಾರ ಹೇಗೆ ಕಟ್ಟಿದ್ದರು, ಬೇನ್? ಕಲ್ಲಿಗೆ ತೂತಿತ್ತೆ?" ಎಂದರು.

"ಕಣ್ಣಿನ ಕೆಳಗೆ ಆ ಪಕ್ಕದಿಂದ ಈ ಪಕ್ಕಕ್ಕೆ ಇತ್ತಲ್ಲ."

"ಅರೇ ರಾಮ! ಸತ್ತವರ ಬಾಯಿಗೆ ಇಡುವುದಕ್ಕೆ ತೂತು ಇರುವುದಿಲ್ಲ. ತೂತಿದ್ದರೆ ಅದು ಬದುಕಿದ್ದವರು ಧರಿಸುವುದಕ್ಕೆ ಮಾಡಿದ್ದು. ನಾನು ಅರ್ಧ ಪಾಠ ಹೇಳಿ ಎದ್ದುಬಂದೆ. ಭಾನುವಾರ ಬರುತ್ತೇನೆ."

ಬಂದೇಬಂದರು. ಎಪ್ಪತ್ತು ದಾಟಿದ ಮನುಷ್ಯ, ಬೆಳಗಿನ ರೈಲಿನ ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಬಂದಿದ್ದರು. ಮಾಸಿಯ ಎದುರು ಕೈಮುಗಿದು ಕ್ಷಮೆ ಕೇಳಿ, ತೂತಿನ ವಿಷಯ ಹೇಳಿದರು. ಮಾಸಿ ಅಷ್ಟು ಸುಲಭಕ್ಕೆ ಒಪ್ಪುವವರೆ?

"ತೂತನ್ನು ನಮ್ಮ ಅಜ್ಜ ಆಮೇಲೆ ಕೊರೆಸಿರಬಹುದು. ಸೂರತ್‌ನಲ್ಲಿ ಕಲ್ಲು ಕೊರೆಯುವವರಿಗೆ ಬರವೆ? ಪುಸ್ತಕದ ಮಾತು ನನಗೆ ಬೇಡ, ಸಾಹೇಬ್. ಕೊರೆಯುವವನನ್ನೇ ಕೇಳೋಣ."

ಅವರಿಗೆ ಅಂಥ ಒಬ್ಬರ ಪರಿಚಯವಿತ್ತು. ಖಂಭಾತ್‌ನವರು, ಜೀವಮಾನವಿಡೀ ಅಕೀಕ್ ಎಂಬ ಬಣ್ಣದ ಕಲ್ಲಿನ ಮಣಿಗಳಿಗೆ ಬಿಲ್ಲಿನ ಬೈರಿಗೆಯಿಂದ ತೂತು ಕೊರೆದವರು. ಈಗ ಮುಪ್ಪಿನಲ್ಲಿ, ವಜ್ರಕ್ಕೆ ಪಾಲಿಶ್ ಮಾಡುವ ಮಗನ ಜೊತೆ ಸೂರತ್‌ನಲ್ಲೇ ಇದ್ದರು. ಮಾಸಿಯ ಮಣಿಸರ ಹರಿದರೆ ಪೋಣಿಸಿ ಕೊಡುತ್ತಿದ್ದವರು ಅವರೇ. ಯಜಮಾನರು ಸ್ಕೂಟರಿನಲ್ಲಿ ಹೋಗಿ ಕರೆತಂದರು. ಬಿಳಿ ಗಡ್ಡ, ಬಡಕಲು ಮೈ, ಬೆರಳುಗಳು ಮಾತ್ರ ದಪ್ಪ. ಎಲ್ಲರೂ ಕಾಕಾ ಎನ್ನುತ್ತಿದ್ದರು.

ಕಾಕಾ ಚಹಾ ಕುಡಿದು, ಕೈ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹೋಗಿ ಕೂತರು. ಜೇಬಿನಿಂದ ಮಗನ ವಜ್ರ ನೋಡುವ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಮೊದಲು ರೆಕ್ಕೆಯ ಗೀರುಗಳನ್ನು ನೋಡಿದರು. "ಚಕ್ರದ ಕೆಲಸ. ಚಕ್ರ ದುಂಡಗಿರುತ್ತದಲ್ಲ, ಅದಕ್ಕೇ ಗೀರು ನಡುವೆ ಆಳ, ಎರಡು ತುದಿಗೂ ಸಪೂರ. ಒಂದು ಗೀರನ್ನೂ ಎರಡನೇ ಸಲ ತಿದ್ದಿಲ್ಲ. ಉಸ್ತಾದನ ಕೈ ಇದು," ಎಂದರು. ಆಮೇಲೆ ಕಸಬರಿಗೆಯಿಂದ ಒಂದು ಕಡ್ಡಿ ಕೇಳಿದರು. ನನ್ನ ಮಗಳು ಓಡಿಹೋಗಿ ತಂದಳು. ಕಾಕಾ ಕಣ್ಣುಮುಚ್ಚಿ ಕಡ್ಡಿಯನ್ನು ತೂತಿನೊಳಗೆ ಮೆಲ್ಲನೆ ಆಡಿಸಿದರು.

"ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿದ್ದಾನೆ. ಬಾಯಿ ಅಗಲ, ಒಳಗೆ ಸಣ್ಣ. ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ತಪ್ಪಿದೆ, ಇಲ್ಲಿ ಕಡ್ಡಿ ತಡೆಯುತ್ತದೆ ನೋಡಿ. ನಮ್ಮ ಬೈರಿಗೆಯ ತುದಿಗೆ ವಜ್ರದ ಚೂರು ಇರುತ್ತದೆ. ಅದು ಇಷ್ಟು ಇಳಿಜಾರಾಗಿ ಕೊರೆಯುವುದಿಲ್ಲ. ಇದು ಮರಳು ಹಾಕಿ ಕೊರೆದದ್ದು. ರೆಕ್ಕೆಯ ಗೀರಿನೊಳಗೂ ಅದೇ ಮರಳಿನ ಒರಟು. ಎರಡೂ ಒಂದೇ ಕೈಯಲ್ಲಿ ಆಗಿರಬೇಕು."

"ಅಂದರೆ?" ಮಾಸಿ ಕುರ್ಚಿಯ ತುದಿಗೆ ಬಂದಿದ್ದರು.

"ಅಂದರೆ ತೂತು ಮೊದಲಿನಿಂದಲೇ ಇತ್ತು, ನಿಮ್ಮ ಅಜ್ಜ ಕೊರೆಸಿದ್ದಲ್ಲ. ಇನ್ನೊಂದು ಹೇಳುತ್ತೇನೆ, ಬೇನ್. ತೂತಿನ ಮೇಲಂಚಿನಲ್ಲಿ ದಾರ ಎಳೆದೆಳೆದು ಕಾಲುವೆಯ ಹಾಗೆ ಸವೆದಿದೆ. ಕಲ್ಲು ಇಷ್ಟು ಗಟ್ಟಿ, ದಾರ ಇಷ್ಟು ಮೆತ್ತಗೆ. ಹೀಗೆ ಸವೆಯಬೇಕಾದರೆ ನಿಮ್ಮದೊಂದೇ ಜನ್ಮ ಸಾಲದು, ನಿಮ್ಮ ತಾಯಿಯದೂ ಅಜ್ಜಿಯದೂ ಸೇರಿದರೂ ಸಾಲದು. ಎಷ್ಟೋ ಜನ ಇದನ್ನು ಹಾಕಿಕೊಂಡು ನಡೆದಿದ್ದಾರೆ, ಕೆಲಸ ಮಾಡಿದ್ದಾರೆ, ಬಗ್ಗಿ ಎದ್ದಿದ್ದಾರೆ. ಹೆಣದ ಬಾಯಲ್ಲಿ ದಾರ ಸವೆಯುವುದಿಲ್ಲ."

ಮಾಸಿ ಗೌನಿನ ತೋಳಿನಿಂದ ಕಣ್ಣೊರೆಸಿಕೊಂಡರು, ಇನ್ನೊಂದು ತೋಳಿನಿಂದ ಮೂಗು. ಮೇಷ್ಟ್ರು ಜೇಬಿನಿಂದ ಡೈರಿ ತೆಗೆದು, "ಕಾಕಾ, ಗೀರಿನ ಮಾತು ಇನ್ನೊಮ್ಮೆ ಹೇಳಿ," ಎಂದು ವಿದ್ಯಾರ್ಥಿಯ ಹಾಗೆ ಬರೆದುಕೊಂಡರು. ನಲವತ್ತು ವರ್ಷ ಪಾಠ ಹೇಳಿದರೂ ಯಾರೂ ತನಗೆ ಇದನ್ನು ತೋರಿಸಿಕೊಟ್ಟಿರಲಿಲ್ಲ ಎಂದರು. ಇದು ಎಷ್ಟು ಹಳೆಯದು ಎಂದು ನಾನು ಕೇಳಿದಾಗ ಇಬ್ಬರೂ ತಲೆಯಾಡಿಸಿದರು. ಸಾವಿರಾರು ವರ್ಷದ್ದಿರಬಹುದು, ಹಳೆಯದನ್ನು ನೋಡಿ ಆಮೇಲಿನವರು ಮಾಡಿದ್ದಿರಬಹುದು, ಗೊತ್ತಿಲ್ಲದ್ದನ್ನು ಹೇಳಲಾರೆವು ಎಂದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಮಾತಿಗೆ.

"ಅಮ್ಮ ತಾನು ಬದುಕಿ ಬಾಳಿದ್ದನ್ನೇ ನನಗೆ ಕಟ್ಟಿದ್ದಳು," ಎಂದರು ಮಾಸಿ ಕೊನೆಗೆ. ದಾರವನ್ನು ನನ್ನ ಕೈಗಿಟ್ಟು ಬೆನ್ನು ತಿರುಗಿಸಿದರು. ನಾನು ಗಂಟು ಹಾಕಿದೆ. ಅಷ್ಟಾದದ್ದೇ ಮೇಷ್ಟ್ರ ಕಡೆ ತಿರುಗಿ, "ಇನ್ನು ಮೇಲೆ ಪಾಠ ಶುರು ಮಾಡಿದರೆ ಪೂರ್ತಿ ಮಾಡಿ ಏಳಬೇಕು, ತಿಳಿಯಿತೆ?" ಎಂದು ಗದರಿದರು. ಮೇಷ್ಟ್ರು ತಲೆ ತಗ್ಗಿಸಿ ರವೋ ತಿಂದರು. ಆಮೇಲೆ ಆ ಮೇಷ್ಟ್ರು ವರ್ಷಕ್ಕೆರಡು ಸಲವಾದರೂ ಬರೋಡಾದಿಂದ ಬರುತ್ತಿದ್ದರು. ಕಾಕಾನ ಮನೆಗೆ ಹೋಗಿ ಬಿಲ್ಲು ಹಿಡಿದು ತೂತು ಕೊರೆಯುವುದನ್ನು ಕಲಿಯಲು ನೋಡಿ, ಬೆರಳು ಕೆತ್ತಿಸಿಕೊಂಡು ಹೋಗುತ್ತಿದ್ದರು.

ತೊಂಬತ್ತೇಳರಲ್ಲಿ ನಮಗೆ ಅಹಮದಾಬಾದ್‌ಗೆ ವರ್ಗವಾಯಿತು. ಹೊರಡುವ ಬೆಳಗ್ಗೆ ಮಾಸಿ ಮತ್ತೆ ಕೊರಳಿಗೆ ಕೈ ಹಾಕಿದರು. ಹತ್ತು ವರ್ಷದ ನನ್ನ ಮಗಳು ಆ ಕೈಯನ್ನು ಹಿಡಿದುಕೊಂಡಳು. "ನಾ ಮಾಸಿ, ಏ ತೋ ತಮಾರಿ ಮಮ್ಮೀನುಂ ಛೇ," ಎಂದಳು. ಬೇಡ ಮಾಸಿ, ಅದು ನಿಮ್ಮ ಅಮ್ಮನದು ಎಂದು. ನಾನು ಕಲಿಸಿ ಹೇಳಿಸಿದ ಮಾತಲ್ಲ. ಮಾಸಿ ಅವಳ ಎರಡೂ ಕೆನ್ನೆ ಹಿಂಡಿ, "ಎಂಥಾ ಹುಡುಗಿ ಬೆಳೆಸಿದೆಯೇ!" ಎಂದು ನನ್ನನ್ನೂ ಸೇರಿಸಿ ಬೈದರು.

ಎರಡು ವರ್ಷದ ನಂತರ ಮಾಸಿ ತೀರಿಕೊಂಡ ಸುದ್ದಿಯನ್ನು ಮುಂಬಯಿಯ ಅವರ ಸೋದರಳಿಯ ಅಹಮದಾಬಾದ್‌ಗೆ ಫೋನು ಮಾಡಿ ತಿಳಿಸಿದರು. ಮಾತಿನ ನಡುವೆ, ಅತ್ತೆಯ ಆ ಹಸಿರು ನೊಣ ಈಗ ತಮ್ಮ ಕಿರಿಯ ಮಗಳ ಕೊರಳಲ್ಲಿದೆ ಎಂದರು. ಅದು ನೊಣವಲ್ಲ, ಜೀರುಂಡೆ ಎಂದು ಶುರು ಮಾಡಿ, ಮಣ್ಣಿನಿಂದ ಎದ್ದು ಹಾರುವುದು, ಚಕ್ರ, ಮರಳು, ಎರಡು ಕಡೆಯಿಂದ ಬಂದ ತೂತು, ಎಲ್ಲವನ್ನೂ ಬಿಡದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಸ್ವಲ್ಪ ನಿಧಾನವಾಗಿ ಹೇಳಿ, ಪೆನ್ನು ತರುತ್ತೇನೆ," ಎಂದರು.