ಕಂಪ್ಲಿಯ ಉಸ್ತಾದರು ದಿಲ್ಲಿಗೆ ಬಂದದ್ದು

ಈರಣ್ಣ ಉಸ್ತಾದರ ಎರಡೂ ಕಿವಿಗಳು ಸುಟ್ಟ ಬದನೆಕಾಯಿಯ ಹಾಗೆ ಮುದುಡಿದ್ದವು. ಹರೆಯದಲ್ಲಿ ಕುಸ್ತಿ ಹಿಡಿದು ಹಿಡಿದು ಹಾಗಾದದ್ದು. ಯಾರಾದರೂ ಮಿಕಿಮಿಕಿ ನೋಡಿದರೆ ಅವರೇ ಮಾತು ತೆಗೆಯುತ್ತಿದ್ದರು: "ಏನ್ ನೋಡ್ತೀರಿ? ಬಗಲಾಗ ತಲಿ ಸಿಗಿಸಿ ತಿಕ್ಕಿದ್ರ ನಿಮ್ಮವೂ ಹಿಂಗ ಆಗ್ತಾವ. ಬರ್ರಿ ಗರಡಿಗೆ." ಬಂದವರಿಗಿಂತ ಓಡಿಹೋದವರೇ ಹೆಚ್ಚು.

ಕಂಪ್ಲಿಯಲ್ಲಿ ಹಗಲೆಲ್ಲ ಅಕ್ಕಿಗಿರಣಿಯ ಹಮಾಲಿ, ಸಂಜೆ ಗರಡಿ, ಇದು ಅವರ ಬದುಕು. ಗರಡಿಯ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಸುರಿದು ಅವರ ಶಿಷ್ಯರಾದ ನಾವೇ ಹದ ಮಾಡಬೇಕಿತ್ತು. ಕುಸ್ತಿಗೆ ಇಳಿಯುವ ಮುಂಚೆ ಆ ಮಣ್ಣನ್ನು ಮೈಗೆ ತಿಕ್ಕಿಕೊಳ್ಳಬೇಕು. ಬೆವರಿಗೆ ಹಿಡಿತ ಜಾರಬಾರದಲ್ಲ, ಮಣ್ಣಿಗೆ ಮರ್ಯಾದೆ ಕೊಟ್ಟ ಹಾಗೂ ಆಯಿತು. ಹೊಸ ಹುಡುಗರು ಸೇರಿದರೆ ಹಂಪಿಯ ಮಹಾನವಮಿ ದಿಬ್ಬಕ್ಕೆ ಕರೆದೊಯ್ದು ಕಲ್ಲಿನಲ್ಲಿ ಕೆತ್ತಿದ ಜಟ್ಟಿಗಳನ್ನು ತೋರಿಸುತ್ತಿದ್ದರು. ಆ ಬಿಸಿಲಿಗೆ ತಲೆ ಸುತ್ತಿದರೂ ಬಿಡುತ್ತಿರಲಿಲ್ಲ. "ರಾಜರು ಕುಂತು ಕುಸ್ತಿ ನೋಡಿದ ಜಾಗಾ ಐತಿ ಇದು. ನೆಟ್ಟಗ ನಿಂದ್ರೋ ಲೇ!"

ನಾನು ರಾಷ್ಟ್ರಮಟ್ಟದ ಪಂದ್ಯಕ್ಕೆ ಆಯ್ಕೆಯಾದಾಗ ಅವರೂ ನನ್ನೊಂದಿಗೆ ದಿಲ್ಲಿಗೆ ಹೊರಟರು. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ನೌಕರಿ, ಇಲ್ಲದಿದ್ದರೆ ಸಂಡೂರಿನ ಗಣಿ ಲಾರಿಯೇ ನನಗೆ ಗತಿ. ಅದು ಇಬ್ಬರಿಗೂ ಗೊತ್ತಿತ್ತು. ರೈಲಿನಲ್ಲಿ ಕೂತು ಕೂತು ಸೊಂಟ ಹಿಡಿದುಹೋಯಿತು. ಪಂದ್ಯ ನಡೆಯುವ ಕ್ರೀಡಾಂಗಣದ ಬಾಗಿಲಲ್ಲೇ ಉಸ್ತಾದರು ಚಪ್ಪಲಿ ಬಿಟ್ಟರು. ಬೇಡವೆಂದು ಕಾವಲುಗಾರ ಕೈಯಾಡಿಸಿದರೂ ಕೇಳಲಿಲ್ಲ. ಒಳಗಿನ ಪಡಸಾಲೆಯಲ್ಲಿ ಹಳೆಯ ಪೈಲ್ವಾನರ ಫೋಟೊಗಳು, ಬೆಳ್ಳಿ ಗದೆ, ಗಾಜಿನ ಪೆಟ್ಟಿಗೆಯೊಳಗೆ ಯಾರದೋ ಲಂಗೋಟಿ. ಒಂದೊಂದಕ್ಕೂ ಕೈಮುಗಿದವರು ಕೊನೆಗೆ ಮುಖ ಸಣ್ಣದು ಮಾಡಿಕೊಂಡರು.

"ಎಲ್ಲಾ ಮಸ್ತ್ ಐತಿ. ನಮ್ಮ ದಿಬ್ಬದ ಜಟ್ಟಿಗೋಳ ಒಂದು ಫೋಟೋನರ ಹಾಕಬಾರದೇನ್ಲೇ? ಇವರಿಗೆಲ್ಲಾ ಅಜ್ಜಗೋಳು ಅವರು."

ನನ್ನ ಹೆಸರು ಕೂಗಿದರು. ನಾನು ಕಣದ ಅಂಚಿಗೆ ಬರುತ್ತಲೇ ಉಸ್ತಾದರು ಬಗಲಚೀಲದಿಂದ ಗರಡಿಯ ಮಣ್ಣು ತೆಗೆದು ತೋಳು, ಹೆಗಲು, ಅಂಗೈಗೆಲ್ಲ ತಿಕ್ಕಿಬಿಟ್ಟರು. ನನಗೂ ಅದೇ ರೂಢಿ, ಸುಮ್ಮನೆ ನಿಂತೆ. ಅಲ್ಲಿ ಹಾಸಿದ್ದು ಮಣ್ಣಲ್ಲ, ಮ್ಯಾಟು ಅನ್ನುವುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ! ಅದರ ಮೇಲೆಲ್ಲ ಕೆಂಪು ಮಣ್ಣು ಉದುರಿತು. ರೆಫರಿ ಪೀಪಿ ಊದಿ, ತೊಳೆದುಕೊಂಡು ಬಾ ಎಂದು ಅಟ್ಟಿದ. ನಲ್ಲಿ ಹುಡುಕಿ, ತೊಳೆದು, ಓಡಿಬರುವಷ್ಟರಲ್ಲಿ ಕೊಟ್ಟ ವೇಳೆ ಮುಗಿದು ಎದುರಾಳಿಯ ಕೈ ಎತ್ತಿ ಹಿಡಿದಾಗಿತ್ತು. ಕುಸ್ತಿ ಹಿಡಿಯದೆಯೇ ನಾನು ಸೋತಿದ್ದೆ.

"ಕೆಡಿಸಿಬಿಟ್ಟೆನಲ್ಲೋ," ಎಂದರು ಉಸ್ತಾದರು. ಊರಿಗೆ ಬಂದ ಮೇಲೆ ಅವರು ಗರಡಿಗೆ ಹೋಗುವುದನ್ನೇ ಬಿಟ್ಟರು. ನಾನು ಗಣಿಯ ಲಾರಿ ಹತ್ತಿದೆ. ಅವರ ಮೇಲೆ ಸಿಟ್ಟಿತ್ತು, ಇಲ್ಲವೆನ್ನಲಾರೆ. ಆದರೆ ಅದಿರಿನ ಧೂಳು ಕುಡಿದು ಮನೆಗೆ ಬಂದರೆ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಕಳೆದ ಬೇಸಿಗೆಯಲ್ಲಿ ಉಸ್ತಾದರು ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಕಂಡಿದ್ದೆ. "ಕುಂದ್ರು," ಎಂದರು. ನಾನು ಕೂತ ಮೇಲೆ ಕೇಳಿದರು: "ಆವತ್ತು ನಾ ಮಣ್ಣು ಹಚ್ಚದಿದ್ರ ನೀ ಗೆಲ್ತಿದ್ದಿ, ಅಲ್ಲೇನ್ಲೇ?"

"ಇಲ್ರೀ ಉಸ್ತಾದ್ರ. ಅವ ಭಾಳ ಗಟ್ಟಿ ಇದ್ದ. ನನ್ನ ಕೈಲೆ ಆಗ್ತಿದ್ದಿಲ್ಲ."

ದಿಂಬಿನಿಂದ ತಲೆ ಎತ್ತಿ ಗದರಿದರು. "ಸುಳ್ಳು ಹೇಳಬ್ಯಾಡ! ಅವನ ಆಟ ನಾ ಮುಂಜಾನೆನೇ ನೋಡಿದ್ದೆ. ನಿನಗ ಕಲಿಸಿದಾವ ನಾನು. ನಂಗೊತ್ತಿಲ್ಲೇನು?"

ವಾದ ಮಾಡುವ ತ್ರಾಣ ನನಗೂ ಇರಲಿಲ್ಲ. "ಹೂಂರಿ, ಗೆಲ್ತಿದ್ದೆ," ಎಂದೆ.

ಉಸ್ತಾದರು ಗೋಡೆಯ ಕಡೆ ಹೊರಳಿ ಅಳತೊಡಗಿದರು.